ಮಂಚದಮ್ಮನ ಕಾಲು

ಚಳಿಗಾಲದ ಕೊನೆಯ ತಿಂಗಳು, ಬೆಳಗಿನ ಗಂಜಿಯ ಹೊತ್ತು. ಹಿಂದಿನ ದಿನ ರಾತ್ರಿಯೂಟ ಮುಗಿಯುತ್ತಿದ್ದಂತೆ ಭೂಮಿ ನಡುಗಿ ಚಿಯಾಯಿ ಊರಿನ ನಡುಭಾಗ ಹೊತ್ತಿ ಉರಿದಿತ್ತು. ಬೆಳಗಾದರೂ ಗಾಳಿಯಲ್ಲಿ ಸುಟ್ಟ ಮರದ ವಾಸನೆ ಹೋಗಿರಲಿಲ್ಲ. ಬಾವಿಗೆ ಬಿಂದಿಗೆ ಇಳಿಸಿದರೆ ಕೆಂಪು ರಾಡಿ ಬಂತು. ಇದರಲ್ಲಿ ಮಕ್ಕಳ ಬಟ್ಟೆ ಹೇಗಪ್ಪಾ ಒಗೆಯುವುದು ಎಂದು ನಾನು ನೋಡುತ್ತಾ ನಿಂತಿದ್ದಾಗ ನಗರಸಭೆಯ ಎಂಜಿನಿಯರು ಬಂದು ಆಸ್ಪತ್ರೆಯ ಸುತ್ತ ಹಗ್ಗ ಕಟ್ಟಿಸತೊಡಗಿದ. ಪಡುವಣ ತುದಿಯ ಕಂಬಗಳು ಅಡಿಗಲ್ಲಿನಿಂದ ಜಾರಿವೆ, ಇನ್ನೊಂದು ಸಲ ಜೋರಾಗಿ ಅಲುಗಿದರೆ ಕಟ್ಟಡ ನಿಲ್ಲುತ್ತದೆಂದು ಹೇಳಲಾರೆ, ಮಕ್ಕಳನ್ನು ಈಗಲೇ ಖಾಲಿ ಮಾಡಿಸಿ, ಹೊಸ ವರ್ಷದ ಮೊದಲ ಹುಣ್ಣಿಮೆಯ ದೀಪದ ಹಬ್ಬ ಮುಗಿದ ಮೇಲೆ ಇದನ್ನು ಕೆಡವುವುದೇ ಸರಿ ಎಂದು ಅವನು ಹೇಳಿದ.

ಆ ಮಕ್ಕಳ ಆಸ್ಪತ್ರೆಯಲ್ಲಿ ನಾನು ಬಟ್ಟೆ ಒಗೆಯುತ್ತಿದ್ದೆ. ಹೆಸರು ಖಿಮ್. ನನ್ನ ಗಂಡ ಮರದ ಕೆರೆಯಲ್ಲಿ, ಬೆಟ್ಟದಿಂದ ರೈಲಿನಲ್ಲಿ ಇಳಿದ ದಿಮ್ಮಿಗಳನ್ನು ನೀರಿನಲ್ಲಿ ತಳ್ಳುವ ಕೆಲಸದಲ್ಲಿದ್ದ. ಈಗ ಆ ಕಟ್ಟಡದ ಬಾಗಿಲಲ್ಲಿ ಒಂದು ಫಲಕ ಹಾಕಿದ್ದಾರೆ. ಜಪಾನಿಯರ ಕಾಲದಲ್ಲಿ ಗಂಟಲುಬೇನೆ ಬಂದು ಊರಿನ ಕೂಸುಗಳು ಸತ್ತ ವರ್ಷ ಮರದ ವ್ಯಾಪಾರಿಗಳೆಲ್ಲ ಸೇರಿ ಕೊಟ್ಟ ಮರದಿಂದ ಇದನ್ನು ಕಟ್ಟಿದರು, ಯುದ್ಧದ ಬಾಂಬಿಗೂ ಇದು ಉಳಿಯಿತು, ಎಂದೆಲ್ಲ ಬರೆದಿದೆಯಂತೆ. ಮೊಮ್ಮಗಳು ಓದಿ ಹೇಳಿದಳು. ಬರೆದದ್ದು ಸರಿಯಾಗಿಯೇ ಇದೆ. ಲ್ಯಾವ್ ಅಜ್ಜಿಯ ಹೆಸರಿಲ್ಲ, ಮಂಚದ ವಿಷಯವೂ ಇಲ್ಲ.

ಮಂಚಗಳೆಂದರೆ ಬೇರೆ ಆಸ್ಪತ್ರೆಯಲ್ಲಿರುವ ಕಬ್ಬಿಣದ ಮಂಚಗಳಲ್ಲ. ಕಟ್ಟಡ ಕಟ್ಟಿದ ಬಡಗಿಗಳೇ ಕಂಬಕ್ಕೆ ಮಿಕ್ಕ ಕೆಂಪು ಸೈಪ್ರಸ್ ಮರದಲ್ಲಿ ಅವನ್ನು ಮಾಡಿದ್ದರು. ನಮ್ಮ ಕಡೆ ನೆಲ ಅಲುಗುವುದು ಹೊಸದಲ್ಲ. ಅಲುಗಿದಾಗ ಮಂಚ ಜಾರಿ ಮಕ್ಕಳು ಗೋಡೆಗೆ ಬಡಿಯದಿರಲೆಂದು ಒಂದೊಂದು ಮಂಚದ ಕಾಲನ್ನೂ ಹಲಗೆಯ ನೆಲ ತೂರಿಸಿ ಕೆಳಗಿನ ತೊಲೆಯಲ್ಲಿ ಕೂರಿಸಿದ್ದರು. ಒಂದು ಮೊಳೆಯಿಲ್ಲ. ಮಂಚ ಎಂದರೆ ಕಟ್ಟಡವೇ ಆಗಿತ್ತು. ಮಳೆಗಾಲದಲ್ಲಿ ಆ ದೊಡ್ಡ ಕೋಣೆಗೆ ಕಾಲಿಟ್ಟರೆ ಔಷಧಿಯ ವಾಸನೆಗಿಂತ ಮುಂಚೆ ಮರದ ವಾಸನೆ ಮೂಗಿಗೆ ಬರುತ್ತಿತ್ತು.

ನಮ್ಮಲ್ಲಿ ಹದಿನಾರು ತುಂಬುವವರೆಗೆ ಮಗುವನ್ನು ಕಾಯುವವಳು ಮಂಚದಮ್ಮ. ಅವಳಿಗೆ ಗುಡಿಯಿಲ್ಲ, ಮೂರ್ತಿಯಿಲ್ಲ. ಮಗು ಮಲಗುವ ಮಂಚವೇ ಅವಳ ಮನೆ. ಎಳ್ಳೆಣ್ಣೆಯಲ್ಲಿ ಕಲಸಿದ ಅನ್ನವನ್ನು ಒಂದು ಬಟ್ಟಲು ಮಂಚದ ಮೇಲಿಟ್ಟು ಊದುಬತ್ತಿ ಹಚ್ಚಿ ಬೇಗ ಮುಗಿಸಬೇಕು. ಕಡ್ಡಿ ಪೂರ್ತಿ ಉರಿಯಲು ಬಿಡಬಾರದು. ಹೆಚ್ಚು ಹೊತ್ತು ಉಪಚರಿಸಿದರೆ ಅವಳಿಗೆ ಅಲ್ಲೇ ಹಿತವಾಗಿ, ಮಗುವೂ ಹಾಸಿಗೆ ಬಿಟ್ಟು ಏಳುವುದಿಲ್ಲ. ಆಸ್ಪತ್ರೆಯ ತಾಯಂದಿರು ಇದನ್ನೆಲ್ಲ ಡಾಕ್ಟರರು ಊಟಕ್ಕೆ ಹೋದ ಹೊತ್ತಿನಲ್ಲಿ ಮಾಡಿಕೊಳ್ಳುತ್ತಿದ್ದರು. ಡಾಕ್ಟರ್ ಖೋ ಅವರಿಗೆ ಗೊತ್ತಿತ್ತು. ಅದಕ್ಕೇ ಅವರು ಊಟ ನಿಧಾನವಾಗಿ ಮಾಡುತ್ತಿದ್ದರು.

ಹಗ್ಗ ಕಟ್ಟಿದ ಸಂಜೆಯೊಳಗೆ ಎಲ್ಲಾ ಮಕ್ಕಳೂ ಬೀದಿಯಾಚೆಯ ಪ್ರೈಮರಿ ಶಾಲೆಗೆ ಹೋದರು. ತರಗತಿಯ ಡೆಸ್ಕುಗಳನ್ನು ಜೋಡಿಸಿ ಮೇಲೆ ಚಾಪೆ ಹಾಸಿದ್ದರು. ತಾಯಂದಿರು ಹೊರಡುವ ಮುಂಚೆ ಮಂಚಕ್ಕೆ ಕೈಮುಗಿದು ಮಗುವಿನ ಹೆಸರು ಹೇಳಿ, ನಾವು ಹೊರಟೆವಮ್ಮ ಎಂದು ಅಪ್ಪಣೆ ಕೇಳಿಕೊಂಡರು. ಕಿಟಕಿಯ ಪಕ್ಕದ ಮಂಚ ಮಾತ್ರ ಖಾಲಿಯಾಗಲಿಲ್ಲ. ಅದರಲ್ಲಿದ್ದವಳು ಆಥೋ. ಆರು ವರ್ಷದವಳು. ಸೊಂಟದ ಮೂಳೆಗೆ ಕ್ಷಯ ಹಿಡಿದಿತ್ತು, ಎದೆಯ ಕೆಳಗಿನಿಂದ ಪಾದದವರೆಗೆ ಪ್ಲಾಸ್ಟರ್ ಹಾಕಿದ್ದರು. ತಾಯಿ ಇರಲಿಲ್ಲ. ತಂದೆ ಬೆಟ್ಟದ ಮೇಲೆ ಮರ ಕಡಿಯುವ ಶಿಬಿರದಲ್ಲಿದ್ದ, ದಾರಿ ಕುಸಿದು ಅವನಿಂದ ಸುದ್ದಿ ಬರುವುದೂ ನಿಂತಿತ್ತು. ಮಗುವನ್ನು ನೋಡಿಕೊಳ್ಳುತ್ತಿದ್ದವಳು ಅಪ್ಪನ ತಾಯಿ, ಲ್ಯಾವ್ ಅಜ್ಜಿ. ಗಿಡ್ಡ ಹೆಂಗಸು. ಕೂದಲನ್ನು ಎಣ್ಣೆ ಹಚ್ಚಿ ಬಿಗಿಯಾಗಿ ಗಂಟು ಕಟ್ಟಿದರೆ ಒಂದು ಎಳೆಯೂ ಆಚೆ ಬರುತ್ತಿರಲಿಲ್ಲ. ಅವಳು ಮಂಚದಮ್ಮನನ್ನು ಕೇಳಿ ಆಗಿತ್ತು, ಅಪ್ಪಣೆ ಸಿಕ್ಕಿರಲಿಲ್ಲ.

ಕೇಳುವುದು ಹೇಗೆಂದರೆ, ಅರ್ಧಚಂದ್ರದ ಆಕಾರದ ಎರಡು ಮರದ ತುಂಡುಗಳನ್ನು ನೆಲಕ್ಕೆ ಹಾಕಬೇಕು. ಒಂದು ಮೇಲ್ಮುಖ, ಒಂದು ಕೆಳಮುಖ ಬಿದ್ದರೆ ಹೂಂ. ಎರಡೂ ಬೆನ್ನು ಮೇಲಾಗಿ ಕವುಚಿ ಬಿದ್ದರೆ ಉಹೂಂ. ಅಜ್ಜಿ ಹಾಕಿದಾಗೆಲ್ಲ ಎರಡೂ ಕವುಚಿ ಬಿದ್ದವು.

ಡಾಕ್ಟರ್ ಖೋ ಮಂಚದ ಪಕ್ಕ ಮೊಣಕಾಲೂರಿ ಕೂತರು.

"ಅಜ್ಜಿ, ಇನ್ನೊಂದು ಸಲ ಅಲುಗಾಡಿದ್ರೆ ಇದು ನಿಲ್ಲುತ್ತೋ ಇಲ್ವೋ ಹೇಳಕ್ಕಾಗಲ್ಲ."

"ಹೇಳಕ್ಕಾಗಲ್ಲ ಅಂದ್ರೆ ನಿಮಗೂ ಗೊತ್ತಿಲ್ಲ ಅಂತ ಆಯ್ತಲ್ಲ ಡಾಕ್ಟ್ರೇ. ಗೊತ್ತಿರೋಳನ್ನ ಕೇಳ್ತಾ ಇದೀನಿ, ತಾಳಿ."

ಅವಳದು ಬರೀ ಹಟವಲ್ಲ ಎಂದು ನನಗೆ ತಿಳಿದದ್ದು ಮಾರನೆಯ ದಿನ, ಅವಳ ಪಾಲಿನ ಗೆಣಸಿನ ಗಂಜಿ ಒಯ್ದಾಗ. ಯುದ್ಧದ ಕೊನೆಯ ವರ್ಷ ಅವಳ ಚಿಕ್ಕಮಗ ಇದೇ ಕೋಣೆಯಲ್ಲಿ ಜ್ವರದಿಂದ ಮಲಗಿದ್ದನಂತೆ. ಮೇಲೆ ವಿಮಾನದ ಸದ್ದು ಕೇಳುತ್ತಲೇ ಅವಳು ಅವನನ್ನು ಹೊದಿಕೆ ಸಮೇತ ಎತ್ತಿಕೊಂಡು ಕಬ್ಬಿನ ಗದ್ದೆಗೆ ಓಡಿದ್ದಳು. ಮಂಚಕ್ಕೆ ಒಂದು ಮಾತೂ ಹೇಳಿರಲಿಲ್ಲ. ಬಾಂಬು ಆಸ್ಪತ್ರೆಯ ಮೇಲೆ ಬೀಳಲೇ ಇಲ್ಲ. ಜ್ವರ ಇಳಿಯುತ್ತಿದ್ದ ಹುಡುಗ ಮಾತ್ರ ಗದ್ದೆಯಂಚಿನ ಗುಡಿಸಲಲ್ಲಿ ತೀರಿಹೋದ. ಅವನು ಕಾವಲು ಇಲ್ಲದ ಕಡೆ ಹೋದ ಎಂದು ಅಜ್ಜಿ ಹೇಳಿದಳು. ಅಳುತ್ತಾ ಹೇಳಲಿಲ್ಲ, ಗಂಜಿ ಆರಿಸುತ್ತಾ ಹೇಳಿದಳು. ಆಥೋಳ ಜ್ವರ ಬೇರೆಲ್ಲೂ ಇಳಿಯದೆ ಈ ಮಂಚಕ್ಕೆ ಬಂದ ಮೇಲೆ ಇಳಿದಿತ್ತು. ಶಾಲೆಯಲ್ಲಿ ಇರುವುದು ಡೆಸ್ಕು. ಡೆಸ್ಕಿನಲ್ಲಿ ಯಾವ ಅಮ್ಮ ಇರುತ್ತಾಳೆ ಎಂದು ಕೇಳಿದಳು.

ಅದೇ ಹೊತ್ತಿಗೆ ನೆಲ ಸಣ್ಣಗೆ ನಡುಗಿತು. ತೊಲೆಯ ಸಂದಿಯಿಂದ ಹಳೆಯ ಸುಣ್ಣ ಉದುರಿ ಗಂಜಿಗೆ ಬಿತ್ತು. ಆಥೋ ನನ್ನ ಅಂಗಿಯ ಅಂಚು ಹಿಡಿದುಕೊಂಡಳು. ಅವಳಿಗೆ ಏಳಲಾಗುವುದಿಲ್ಲವಲ್ಲ, ಕಣ್ಣು ಮಾತ್ರ ತೊಲೆಯಿಂದ ತೊಲೆಗೆ ಓಡುತ್ತಿತ್ತು. ಅಜ್ಜಿ ಅವಳ ಮೇಲೆ ಬಾಗಿ, ಕೈಯೂರಿ, ಬೆನ್ನನ್ನೇ ಮನೆಯ ಮಾಡಿನಂತೆ ಒಡ್ಡಿ ನಿಂತಳು. ನಡುಕ ನಿಂತ ಮೇಲೂ ಬಹಳ ಹೊತ್ತು ಹಾಗೇ ಇದ್ದಳು.

ಡಾಕ್ಟರರು ಬಲವಂತವಾಗಿ ಎತ್ತಿಸಬಹುದಿತ್ತು. ಹೆಡ್ ನರ್ಸ್ ಸುನ್ ಅದನ್ನೇ ಹೇಳುತ್ತಿದ್ದಳು. ಸುನ್ ಉತ್ತರದ ಶಾಂಡೊಂಗ್ ಕಡೆಯವಳು, ಸೈನ್ಯದಲ್ಲಿದ್ದ ಗಂಡನ ಜೊತೆ ಕಡಲು ದಾಟಿ ಬಂದವಳು. ಎತ್ತರದ ಆಳು. ನಮ್ಮ ಭಾಷೆಯನ್ನು ತಡವರಿಸಿ ಆಡುತ್ತಿದ್ದಳು, ಮಧ್ಯಾಹ್ನಕ್ಕೆ ಅನ್ನದ ಬದಲು ಹಬೆಯಲ್ಲಿ ಬೇಯಿಸಿದ ಗೋಧಿಯ ಬನ್ನು ತಿನ್ನುತ್ತಿದ್ದಳು. ಆದರೆ ಪ್ಲಾಸ್ಟರಿನ ಮಗುವನ್ನು ಕಿತ್ತಾಡಿ ಎತ್ತಿದರೆ ಸೊಂಟ ಏನಾಗುವುದೋ ಎಂಬ ಹೆದರಿಕೆ ಡಾಕ್ಟರರಿಗೆ. ಅವರು ರಾತ್ರಿಯೆಲ್ಲ ಯೋಚಿಸಿದ್ದಿರಬೇಕು. ಬೆಳಿಗ್ಗೆ ಬರುವಾಗ ಬಡಗಿ ಚಾನ್ ಮೇಸ್ತ್ರಿಯನ್ನು ಕರೆದುಕೊಂಡು ಬಂದರು. ಮುಖ ಗೆಲುವಾಗಿತ್ತು. ಮಂಚ ಬಿಟ್ಟು ಮಗು ಬರುವುದಿಲ್ಲವೆಂದರೆ ಮಂಚದ ಸಮೇತ ಮಗುವನ್ನು ಒಯ್ಯೋಣ, ಮಂಚದಮ್ಮನೂ ಜೊತೆಗೆ ಬಂದಂತಾಯಿತು, ಅಜ್ಜಿಗೂ ಸಮಾಧಾನ ಎಂದು ನನಗೂ ಸುನ್‌ಗೂ ಹೇಳಿದರು. ಕೇಳಲು ಎಷ್ಟು ಒಳ್ಳೆಯದಾಗಿತ್ತೆಂದರೆ ನಾವಿಬ್ಬರೂ ತಲೆಯಾಡಿಸಿದೆವು.

ಅಜ್ಜಿ ಆಗ ನಗರದೇವರ ಗುಡಿಗೆ ಹೋಗಿದ್ದಳು. ಮಂಚದಮ್ಮ ಯಾಕೆ ಒಪ್ಪುತ್ತಿಲ್ಲ ಎಂದು ದೊಡ್ಡ ದೇವರನ್ನು ಕೇಳಿ ಬರಲು. ಆಥೋಳನ್ನು ನೋಡಿಕೋ ಎಂದು ಸುನ್‌ಗೆ ಹೇಳಿ ಹೋಗಿದ್ದಳು.

ಮಂಚದ ಕಾಲು ನೆಲದ ಒಳಗೆ ತೊಲೆಯಲ್ಲಿತ್ತಲ್ಲ. ಅದನ್ನು ಬಿಡಿಸಿ ತೆಗೆಯಬೇಕಾದರೆ ನೆಲದ ಹಲಗೆಯೆಲ್ಲ ಎಬ್ಬಿಸಬೇಕು, ಆ ಕಟ್ಟಡದಲ್ಲಿ ಆಗ ಸುತ್ತಿಗೆಯ ಪೆಟ್ಟು ಹಾಕಲು ಯಾರಿಗೆ ಧೈರ್ಯ? ಗರಗಸದಿಂದ ನೆಲಮಟ್ಟಕ್ಕೆ ಕುಯ್ದರೆ ಸದ್ದಿಲ್ಲದೆ ಆಗುತ್ತದೆ ಎಂದರು ಡಾಕ್ಟರರು. ಮೇಸ್ತ್ರಿ ಒಂದು ಸಲ ಮಂಚವನ್ನೂ ಒಂದು ಸಲ ಡಾಕ್ಟರರನ್ನೂ ನೋಡಿದ. ಆಮೇಲೆ ಗರಗಸ ಇಟ್ಟ. ಹಳೆಯ ಸೈಪ್ರಸ್ ಕುಯ್ದರೆ ಈಗ ತಾನೆ ಕಡಿದ ಮರದ ಹಾಗೆ ಘಮ್ಮೆನ್ನುತ್ತದೆ. ಆಥೋ ಮೂಗರಳಿಸಿ, ಒಳ್ಳೆ ವಾಸನೆ ಎಂದಳು. ತಲೆಯ ಕಡೆಯ ಒಂದು ಕಾಲು ಪೂರ್ತಿ ಕತ್ತರಿಸಿತ್ತು. ಎರಡನೆಯದಕ್ಕೆ ಗರಗಸ ಇಡುವಾಗ ಬಾಗಿಲಲ್ಲಿ ಅಜ್ಜಿ ನಿಂತಿದ್ದಳು.

ಅವಳ ಕೈಯಲ್ಲಿದ್ದ ಊದುಬತ್ತಿಯ ಕಟ್ಟು ಕೆಳಗೆ ಬಿತ್ತು. ಬಂದು ಮಂಚದ ಪಕ್ಕ ಕೂತು ಕುಯ್ದ ಜಾಗವನ್ನು ಅಂಗೈಯಿಂದ ಮುಚ್ಚಿದಳು, ರಕ್ತ ಬರುತ್ತಿರುವ ಗಾಯವನ್ನು ಮುಚ್ಚುವ ಹಾಗೆ.

"ನನ್ನ ಮೊಮ್ಮಗಳಿಗೆ ಕಾಲಿಲ್ಲ ಅಂತ ಇಲ್ಲಿಗೆ ತಂದೆ," ಎಂದಳು. "ನೀವು ಅವಳ ತಾಯಿಯ ಕಾಲನ್ನೇ ತೆಗೆದ್ರಲ್ಲ."

ಆಗಲೇ ನಮಗೆ ಹೊಳೆದದ್ದು. ಡಾಕ್ಟರರ ಮುಖ ಸುಣ್ಣದಂತಾಯಿತು. ಅವರೂ ಇದೇ ಊರಿನವರು, ಅವರ ತಾಯಿಯೂ ಅವರ ಮಂಚದ ಮೇಲೆ ಎಳ್ಳೆಣ್ಣೆಯ ಅನ್ನ ಇಟ್ಟವಳೇ. ಮಂಚದಮ್ಮನನ್ನು ನಂಬುವವರೇ ಅವಳನ್ನು ಮೆಚ್ಚಿಸಲು ಹೋಗಿ ಮಾಡಿದ ಕೆಲಸ ಇದು. ಏನೂ ನಂಬದವರಾಗಿದ್ದರೆ ಮಗುವನ್ನು ಎತ್ತಿಕೊಂಡು ಹೋಗುತ್ತಿದ್ದರು, ಗರಗಸದ ಮಾತೇ ಬರುತ್ತಿರಲಿಲ್ಲ. ಡಾಕ್ಟರರು ಅಜ್ಜಿಯ ಮುಂದೆ ತಲೆ ತಗ್ಗಿಸಿ ಕೂತರು. ಕ್ಷಮೆ ಕೇಳಿದ್ದು ಸರಿಯಾಗಿ ಕೇಳಿಸಲೂ ಇಲ್ಲ.

ಸುನ್ ಸಮಾಧಾನ ಮಾಡಲು ನೋಡಿದಳು. "ಅಜ್ಜಿ, ಕುಯ್ದಿದ್ದು ತಲೆ ಕಡೆ ಕಾಲು. ಕಾಲ ಕಡೆ ಕಾಲು ಎರಡೂ ಗಟ್ಟಿಯಾಗಿವೆ, ನೋಡಿ."

"ಹಾಗಾದ್ರೆ ಈಗ ತಲೆಗೇನಾಗುತ್ತೋ?" ಎಂದಳು ಅಜ್ಜಿ.

ಆಥೋ ತಲೆ ಮುಟ್ಟಿ ನೋಡಿಕೊಂಡಳು. ನನಗೆ ನಗು ಬಂತು. ಆಗಲೂ ಕಿಟಕಿಯ ಗಾಜು ಸಣ್ಣಗೆ ಗಿಲಿಗುಡುತ್ತಲೇ ಇತ್ತು.

ಚಾನ್ ಮೇಸ್ತ್ರಿ ಮನೆಗೆ ಹೋಗಿ ಅದೇ ಜಾತಿಯ ಮರದ ತುಂಡು ತಂದ. ಕುಯ್ದ ಕಾಲಿನ ಎರಡೂ ತುದಿಯನ್ನು ಓರೆಯಾಗಿ ಕೆತ್ತಿ, ನಡುವೆ ಹೊಸ ತುಂಡು ಕೂರಿಸಿ, ಮರದ ಗೂಟ ಬಡಿಯದೆ ಕೈಯಿಂದಲೇ ಒತ್ತಿ ಒತ್ತಿ ಬೆಸೆದ. ಮೇಲೆ ಬಿದಿರಿನ ಸೀಳು ಸುತ್ತಿ ಕಟ್ಟಿದ. ಕೆಲಸ ಮುಗಿಯುವಾಗ ಮಧ್ಯಾಹ್ನ ಕಳೆದಿತ್ತು. ಅಷ್ಟು ಹೊತ್ತೂ ಆಥೋ ಮಂಚದ ಮೇಲೇ ಇದ್ದಳು, ಅಜ್ಜಿ ಕದಲಿಸಲು ಬಿಡಲಿಲ್ಲ. ಡಾಕ್ಟರರು ಬಾಗಿಲ ಹತ್ತಿರ ನಿಂತು ಪಡುವಣ ಗೋಡೆಯ ಬಿರುಕನ್ನೇ ನೋಡುತ್ತಿದ್ದರು. ಆ ಬಿರುಕು ಬೆಳಿಗ್ಗೆ ಇದ್ದದ್ದಕ್ಕಿಂತ ಅಗಲವಾಗಿತ್ತು. ನನಗೆ ಹಾಗನ್ನಿಸಿತೋ, ನಿಜವಾಗಿಯೂ ಆಗಿತ್ತೋ ಈಗ ಹೇಳಲಾರೆ.

ಅಜ್ಜಿ ಮತ್ತೆ ಮರದ ತುಂಡು ಹಾಕಿದಳು. ನಮ್ಮ ಜೊತೆ ಬರುತ್ತೀಯಾ? ಎರಡೂ ಕವುಚಿ. ಮಗುವನ್ನು ಕಳಿಸುತ್ತೀಯಾ? ಎರಡೂ ಕವುಚಿ. ಅವಳು ಬೆವರುತ್ತಿದ್ದಳು, ಆ ಚಳಿಯಲ್ಲಿ. ಆಮೇಲೆ ಮಂಚಕ್ಕೆ ಬಾಯಿ ತಾಗಿಸುವಷ್ಟು ಬಾಗಿ ಕೇಳಿದಳು. ನಾನು ಹತ್ತಿರವೇ ಇದ್ದೆ, ಕೇಳಿಸಿತು.

"ನಿನ್ನ ಕಾಲಿಗೆ ಗಾಯ ಆಗಿದೆ, ನಿನ್ನನ್ನ ಒಂಟಿಯಾಗಿ ಬಿಟ್ಟು ಹೋಗಲ್ಲ. ನಾನು ನಿನ್ನ ಹತ್ರ ಇರ್ತೀನಿ. ಅವಳು ಎದ್ದು ನಿಲ್ಲೋ ತನಕ ಇಲ್ಲಿಂದ ಕದಲಲ್ಲ. ಮಗುನ ಬಿಡ್ತೀಯಾ?"

ಒಂದು ಮೇಲ್ಮುಖ, ಒಂದು ಕೆಳಮುಖ. ಮತ್ತೆ ಹಾಕಿದಳು, ಹಾಗೇ. ಮೂರನೆಯ ಸಲವೂ ಹಾಗೇ. ನಾನು ಕಣ್ಣಾರೆ ನೋಡಿದೆ.

ಕ್ಷಣ ತಡಮಾಡದೆ ಡಾಕ್ಟರರು, ಮೇಸ್ತ್ರಿ, ಸುನ್, ನಾನು, ನಾಲ್ವರೂ ಹಲಗೆಯ ಮೇಲೆ ಮಗುವನ್ನು ಮಲಗಿಸಿ ಹೊರಗೆ ತಂದೆವು. ಅಜ್ಜಿಯ ಮಾತನ್ನು ಯಾರೂ ಮನಸ್ಸಿಗೆ ತೆಗೆದುಕೊಳ್ಳಲಿಲ್ಲ. ಮಗು ಹೋದ ಮೇಲೆ ಹಿಂದೆಯೇ ಬರುತ್ತಾಳೆ ಎಂದುಕೊಂಡೆವು. ಬೀದಿ ದಾಟಿ ತಿರುಗಿ ನೋಡಿದರೆ ಅವಳು ಮಂಚದ ಮೇಲೆ ಕಾಲು ಮಡಿಚಿ ಕೂತಿದ್ದಳು.

ಬರಲಿಲ್ಲ. ಮಾರನೆಯ ದಿನವೂ ಬರಲಿಲ್ಲ. ಹೊಸ ವರ್ಷ ಬಂತು. ನಾನು ಮೂಲಂಗಿ ಕಡುಬನ್ನು ಹುರಿದು ಕಿಟಕಿಯಿಂದ ಕೊಟ್ಟೆ. ಒಳಗೆ ಹೋಗಲು ನನಗೆ ಕಾಲೇ ಬರುತ್ತಿರಲಿಲ್ಲ. ಕೈಚಾಚಿ ಬಟ್ಟಲು ಕೊಡುವಷ್ಟು ಹೊತ್ತೂ ಕಿವಿ ತೊಲೆಯ ಮೇಲಿರುತ್ತಿತ್ತು. ಅಜ್ಜಿ ಮಾತ್ರ ಸ್ವಂತ ಮನೆಯಲ್ಲಿರುವ ಹಾಗೆ ಇದ್ದಳು. ಬೆಳಿಗ್ಗೆ ನೆಲ ಗುಡಿಸುತ್ತಿದ್ದಳು, ಉದುರಿದ ಸುಣ್ಣವನ್ನು ಒಂದು ಮೂಲೆಗೆ ಒಟ್ಟುತ್ತಿದ್ದಳು. ಊದುಬತ್ತಿ ಹಚ್ಚಿ ಅರ್ಧಕ್ಕೂ ಮುಂಚೆಯೇ ಕಿತ್ತು ನೀರಿಗೆ ಅದ್ದುತ್ತಿದ್ದಳು, ಮಗು ಸೋಮಾರಿಯಾಗದಿರಲಿ ಎಂದು. ಊರಿನವರು ಬಂದು ಹಗ್ಗದಾಚೆ ನಿಂತು ನೋಡಿ ಹೋಗತೊಡಗಿದರು. ಹುಚ್ಚು ಮುದುಕಿ ಎಂದವರೂ ಇದ್ದರು. ಅವಳಿಗೆಂದು ಟರ್ಕಿ ಕೋಳಿಯ ಅನ್ನ ಕಟ್ಟಿಸಿಕೊಂಡು ಬಂದವರೂ ಅವರೇ.

ಒಬ್ಬ ಪೊಲೀಸಿನವನನ್ನು ಕಳಿಸಿದರು. ಹೊಸಬ. ಹಗ್ಗದ ಹತ್ತಿರ ನಿಂತು, "ಅಜ್ಜಿ, ಹೊರಗೆ ಬನ್ನಿ, ಮಾತಾಡೋಣ," ಎಂದ.

"ನೀನೇ ಒಳಗೆ ಬಾಪ್ಪ. ಚಹಾ ಕೊಡ್ತೀನಿ."

ಅವನು ಪಡುವಣ ಗೋಡೆ ನೋಡಿದ. ಚಹಾ ಕುಡಿದೇ ಬಂದಿದ್ದೇನೆ ಎಂದ. ನೆರೆದಿದ್ದವರು ನಕ್ಕರು. ಅವನು ಟೋಪಿ ಸರಿಮಾಡಿಕೊಂಡು ಹೋದ. ಬಲವಂತವಾಗಿ ಎಳೆದು ತರಲು ನಾಲ್ಕು ಜನ ಒಳಗೆ ತುಳಿದಾಡಿದರೆ ಮಾಡೇ ಕೆಳಗಿಳಿದೀತು ಎಂದು ಎಂಜಿನಿಯರೇ ಹೇಳಿದ್ದ. ಅವನೂ ಹೆದರಿದ್ದ. ದೀಪದ ಹಬ್ಬ ಮುಗಿದ ವಾರಕ್ಕೆ ಕೆಡವಲು ಆಳುಗಳನ್ನು ಗೊತ್ತು ಮಾಡಿ ಆಗಿತ್ತು. ಒಳಗೆ ಮನುಷ್ಯರಿದ್ದರೆ ಕೆಡವುವುದು ಹೇಗೆ?

ಹೊಸ ವರ್ಷದ ಮೊದಲ ವಾರದಲ್ಲಿ ಶಾಲೆಯಲ್ಲಿ ಆಥೋಳ ಪ್ಲಾಸ್ಟರ್ ಒಡೆದರು. ಒಳಗಿದ್ದ ಕಾಲುಗಳು ಊಟದ ಕಡ್ಡಿಗಳಂತಿದ್ದವು, ಚರ್ಮ ಒಣಗಿ ಹೊಟ್ಟು ಏಳುತ್ತಿತ್ತು. ನಾನು ಬಿಸಿನೀರಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದೆ. ಮೂಳೆ ಕೂಡಿಕೊಂಡಿದೆ, ಈಗ ನಿಲ್ಲಬೇಕು, ನಿಲ್ಲದೆ ಹೀಗೇ ಬಿಟ್ಟರೆ ಕಾಲು ಮಡಿಚಿಕೊಂಡೇ ಉಳಿದುಬಿಡುತ್ತದೆ ಎಂದರು ಡಾಕ್ಟರರು. ಕಂಕುಳಿಗೆ ಕೈಹಾಕಿ ಎತ್ತಿ ನೆಲಕ್ಕೆ ಮುಟ್ಟಿಸಿದರೆ ಅವಳು ಎರಡೂ ಕಾಲನ್ನು ಮೇಲಕ್ಕೆ ಸೆಳೆದುಕೊಳ್ಳುತ್ತಿದ್ದಳು. ಎಷ್ಟು ಸಲ ಮಾಡಿದರೂ ಅಷ್ಟೇ.

"ಅಜ್ಜಿ ಬಂದ್ರೆ ನಿಲ್ತೀನಿ," ಎಂದಳು.

ನಾನು ಕಿಟಕಿಗೆ ಹೋಗಿ ಅಜ್ಜಿಗೆ ಹೇಳಿದೆ. ಅವಳ ಮುಖ ಒಂದು ಗಳಿಗೆ ಸಡಿಲವಾಯಿತು. ಕಾಲು ಕೆಳಗಿಳಿಸಿದಳು ಕೂಡ. ಮತ್ತೆ ಮೇಲಿಟ್ಟಳು.

"ಅವಳು ನಿಲ್ಲಲಿ, ಬರ್ತೀನಿ. ಕೊಟ್ಟ ಮಾತು ಮುರಿದು ಈಗ ಎದ್ದು ಬಂದ್ರೆ, ಅವಳು ನಿಂತ್ರೂ ನಿಂತಂಗಲ್ಲ, ಖಿಮ್."

ಹೀಗೆ ಒಬ್ಬರಿಗಾಗಿ ಒಬ್ಬರು ಕೂತರು. ನಡುವೆ ಇದ್ದದ್ದು ಒಂದು ಬೀದಿ. ನಾನು ಆ ಬೀದಿಯನ್ನು ಎಷ್ಟು ಸಲ ದಾಟಿದೆನೋ. ಒಂದು ಕಡೆ ಮಗುವಿನ ಕಾಲು ದಿನದಿಂದ ದಿನಕ್ಕೆ ಬಿಗಿಯುತ್ತಿತ್ತು, ಇನ್ನೊಂದು ಕಡೆ ಪಡುವಣ ಕಂಬ ವಾಲುತ್ತಿತ್ತು. ಮನೆಯಲ್ಲಿ ಪಾತ್ರೆ ಸದ್ದಾದರೂ ಎದ್ದು ನಿಲ್ಲುತ್ತಿದ್ದೆ. ಆಸ್ಪತ್ರೆ ಬಿದ್ದರೆ ನೀನು ಕೈಕೊಟ್ಟು ಹಿಡಿಯುತ್ತೀಯಾ ಎಂದು ಗಂಡ ರೇಗಿದ. ಅವನೂ ಮರದ ಕೆರೆಗೆ ಹೋಗುವಾಗ ಸುತ್ತು ಹಾಕಿ ಆಸ್ಪತ್ರೆಯ ಮುಂದೆಯೇ ಹೋಗುತ್ತಿದ್ದ.

ಸುನ್ ತಡೆಯಲಾರದೆ ಒಂದು ದಿನ ತಾನೇ ಕಿಟಕಿಗೆ ಹೋಗಿ ಮಗು ನಿಂತಳು ಎಂದುಬಿಟ್ಟಳು. ಅಜ್ಜಿ ಅವಳನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು.

"ಯಾವ ಕಾಲು ಮೊದಲು ಊರಿದ್ಲು?"

"ಎರಡೂ... ಒಟ್ಟಿಗೆ."

"ಉತ್ತರದವಳೇ, ಮಗು ಅಂದ್ರೆ ಸ್ಟೂಲಾ? ಹೋಗು, ಹೋಗಿ ನಿನ್ನ ಗೋಧಿ ಬನ್ನು ತಿನ್ನು."

ಸುನ್ ಅಳುತ್ತಾ ಬಂದಳು. ಅಜ್ಜಿ ಬೈದದ್ದಕ್ಕಲ್ಲ. ಬೈಯುವಾಗ ಅಜ್ಜಿಯ ತಲೆಯ ಮೇಲೆಯೇ ತೊಲೆಯೊಂದು ಗೂಡಿನಿಂದ ಕೈಯಗಲ ಹೊರಗೆ ಬಂದಿದ್ದನ್ನು ಸುನ್ ನೋಡಿದ್ದಳು. ಇನ್ನು ಆಗುವುದಿಲ್ಲ, ದೀಪದ ಹಬ್ಬದವರೆಗೂ ಕಾಯುವುದಿಲ್ಲ, ಬೀಳುವುದಾದರೆ ತನ್ನ ತಲೆಯ ಮೇಲೂ ಬೀಳಲಿ, ನಾಳೆ ತಾನೇ ಒಳಗೆ ಹೋಗಿ ಹೊತ್ತು ತರುತ್ತೇನೆ ಎಂದರು ಡಾಕ್ಟರರು.

ಹೋಗುವ ಹೊತ್ತು ಬರಲಿಲ್ಲ. ಮಾರನೆಯ ದಿನ ಬೆಳಿಗ್ಗೆ, ನಾನು ಶಾಲೆಯ ಜಗಲಿಯಲ್ಲಿ ಬಟ್ಟೆ ಹರವುತ್ತಿದ್ದೆ. ಬಿಸಿಲು ಬೀಳಲೆಂದು ಆಥೋಳನ್ನು ಜಗಲಿಯ ಕಟಕಟೆಯ ಪಕ್ಕ ಚಾಪೆಯ ಮೇಲೆ ಕೂರಿಸಿದ್ದರು. ಅಲ್ಲಿಂದ ಬೀದಿಯಾಚೆಯ ಆಸ್ಪತ್ರೆಯ ಮಾಡು ಕಾಣುತ್ತಿತ್ತು. ಅವಳು ದಿನವೂ ಅದನ್ನೇ ನೋಡುತ್ತಿದ್ದಳು. ಮೊದಲು ಊರಿನ ನಾಯಿಗಳೆಲ್ಲ ಸುಮ್ಮನಾದವು. ಆಮೇಲೆ ಕೆಳಗಿನಿಂದ ಯಾರೋ ಒದ್ದ ಹಾಗಾಯಿತು. ನಾನು ಬಟ್ಟೆಯ ಹಗ್ಗ ಹಿಡಿದುಕೊಂಡೆ, ಹಗ್ಗವೇ ಕುಣಿಯುತ್ತಿತ್ತು. ಬೀದಿಯಾಚೆ ಹೆಂಚುಗಳು ಸಾಲಾಗಿ ಜಾರಿದವು, ಪಡುವಣ ತುದಿಯ ಮಾಡು ಮಂಡಿಯೂರುವ ಹಾಗೆ ನಿಧಾನವಾಗಿ ಕುಗ್ಗಿತು, ಮರ ಮುರಿಯುವ ಸದ್ದು ಬಂತು, ಧೂಳು ಎದ್ದು ಎಲ್ಲವನ್ನೂ ಮುಚ್ಚಿತು.

ಡಾಕ್ಟರರು ಓಡಿದರು. ಸುನ್, ತಾಯಂದಿರು, ಎಲ್ಲರೂ ಕಟಕಟೆಗೆ ಒತ್ತಿ ನಿಂತು ಆ ಧೂಳನ್ನೇ ನೋಡುತ್ತಿದ್ದೆವು. ನನ್ನ ಪಕ್ಕದಲ್ಲಿ ಯಾರೋ ಉಸಿರುಗಟ್ಟಿ, ಅಜ್ಜಿ, ಅಜ್ಜಿ ಎನ್ನುತ್ತಿದ್ದರು. ಆ ಉಸಿರು ನನ್ನ ಸೊಂಟದ ಹತ್ತಿರ ಬಿಸಿಯಾಗಿ ತಾಗುತ್ತಿತ್ತು. ಬಗ್ಗಿ ನೋಡಿದೆ. ಆಥೋ ಎರಡೂ ಕೈಯಲ್ಲಿ ಕಟಕಟೆ ಹಿಡಿದು, ತುದಿಗಾಲಲ್ಲಿ, ನಿಂತಿದ್ದಳು. ಅವಳು ನಿಂತದ್ದು ಅವಳಿಗೇ ಗೊತ್ತಿರಲಿಲ್ಲ.

ಅವಳನ್ನು ಸುನ್ ತೋಳಿಗೆ ಕೊಟ್ಟು ಓಡಿದೆ. ಹಗ್ಗ ಹಾರಿದ್ದು ನೆನಪಿಲ್ಲ. ಧೂಳಿನೊಳಗೆ ಕಿಟಕಿ ಹುಡುಕಿದೆ. ಪಡುವಣ ತುದಿ ಪೂರ್ತಿ ಕಳಚಿ ನೆಲಕ್ಕೆ ಬಿದ್ದಿತ್ತು, ದೊಡ್ಡ ಕೋಣೆ ಮಾತ್ರ ನಿಂತಿತ್ತು. ಡಾಕ್ಟರರು ಬಾಗಿಲ ಹತ್ತಿರ ಬಿದ್ದ ತೊಲೆಯನ್ನು ಎತ್ತಲು ಹೆಣಗುತ್ತಿದ್ದರು. ಮಂಚದ ಮೇಲೆ ಬಿಳಿಯ ಗೊಂಬೆಯ ಹಾಗೆ ಏನೋ ಕೂತಿತ್ತು. ಕೂದಲಿನ ಗಂಟೂ ಬಿಳಿ.

"ಆಥೋ ನಿಂತ್ಲು," ಎಂದೆ. "ಅಜ್ಜಿ, ಆಥೋ ನಿಂತ್ಲು."

ಅವಳು ಕಣ್ಣಿನ ಸುಣ್ಣ ಒರೆಸಿಕೊಂಡು ನನ್ನನ್ನು ನೋಡಿದಳು.

"ಬದುಕಿದೀಯಾ ಅಂತ ಕೇಳೋದು ಬಿಟ್ಟು ಇದನ್ನ ಹೇಳ್ತಿದೀಯಲ್ಲ," ಎಂದಳು. "ಹಾಗಾದ್ರೆ ನಿಜ."

ಇಳಿಯುವ ಮುಂಚೆ ಸುಣ್ಣದಲ್ಲಿ ಕೈಯಾಡಿಸಿ ಊದುಬತ್ತಿ ಹುಡುಕಿದಳು. ಡಾಕ್ಟರರು ಬೇಡ, ಬೇಗ ಬನ್ನಿ ಎಂದು ಬೇಡಿಕೊಂಡರು. ಒಂದು ಕಡ್ಡಿ ಹಚ್ಚಿದಳು, ತುದಿ ಕೆಂಪಾಗುತ್ತಲೇ ಕಿತ್ತಳು, ಬೆಸೆದ ಕಾಲನ್ನು ಒಮ್ಮೆ ಸವರಿದಳು. ಮರದ ತುಂಡುಗಳನ್ನು ಹಾಕಿ ಕೇಳಲಿಲ್ಲ.

ಎಂಜಿನಿಯರು ಮತ್ತೆ ಬಂದು ನೋಡಿದ. ವಾಲಿದ ತುದಿ ತಾನಾಗಿ ಕಳಚಿಕೊಂಡದ್ದರಿಂದ ಉಳಿದ ಭಾಗಕ್ಕೆ ಎಳೆತ ತಪ್ಪಿದೆ, ಮಂಚದ ಕಾಲುಗಳೆಲ್ಲ ತೊಲೆಯನ್ನು ಕಚ್ಚಿ ಹಿಡಿದಿರುವುದರಿಂದ ನೆಲವೂ ಕದಲಿಲ್ಲ, ಆಸರೆ ಕೊಟ್ಟರೆ ಕೆಲವು ವರ್ಷ ನಿಂತೀತು ಎಂದ. ಕೆಡವುವ ದಿನ ಮುಂದಕ್ಕೆ ಹೋಯಿತು, ಹೋಗಿ ಹೋಗಿ ಎಲ್ಲರೂ ಅದನ್ನು ಮರೆತರು. ಆಸ್ಪತ್ರೆ ಹೊಸ ಸಿಮೆಂಟಿನ ಕಟ್ಟಡಕ್ಕೆ ಹೋಯಿತು. ಹಳೆಯದನ್ನು ಅರಣ್ಯ ಇಲಾಖೆ ಉಗ್ರಾಣ ಮಾಡಿಕೊಂಡಿತ್ತು, ಈಗ ನೋಡಲು ಜನ ಬರುತ್ತಾರೆ. ಆಥೋ ಕೊನೆಯವರೆಗೂ ಎಡಗಾಲನ್ನು ತುಸು ಎಳೆದೇ ನಡೆದಳು. ನಡೆದಳಲ್ಲ, ನಮಗೆ ಅಷ್ಟು ಸಾಕು. ಚಾನ್ ಮೇಸ್ತ್ರಿಗೆ ಅದು ಸಾಕಾಗಲಿಲ್ಲ. ತಾನು ಕುಯ್ದದ್ದು ಬಲಗಡೆಯ ಕಾಲು, ಎಡಗಡೆಯದಲ್ಲ ಎಂದು ಸಾಯುವವರೆಗೆ ಸಿಕ್ಕವರಿಗೆಲ್ಲ ಹೇಳುತ್ತಿದ್ದ.

ಆ ಕಟ್ಟಡದಿಂದ ಕೊನೆಯದಾಗಿ ಹೊರಟವಳು ಲ್ಯಾವ್ ಅಜ್ಜಿ. ಡಾಕ್ಟರರು ಬೆನ್ನೊಡ್ಡಿದರೂ ಏರಲಿಲ್ಲ. ತಲೆಯ ಸುಣ್ಣ ಕೊಡವಿಕೊಂಡು, ಬಿದ್ದ ತೊಲೆ ದಾಟಿ, ತಾನೇ ನಡೆದು ಬೀದಿಯಾಚೆ ಹೋದಳು. ಹೊಸ ವರ್ಷದ ಮೊದಲ ತಿಂಗಳು, ದೀಪದ ಹಬ್ಬಕ್ಕೆ ಮುಂಚಿನ ಸೋಮವಾರ.